ಮರದ ತರಕಾರಿ ಮಣೆ ಬಾಗಿದೆ, ಕಪ್ಪು ಚುಕ್ಕೆ ಬಂದಿದೆ. ಎಸೆಯೋದಾ, ಉಳಿಸೋದಾ?

ತರಕಾರಿ ಬುಟ್ಟಿ (ಉತ್ತರಹಳ್ಳಿ, ಬೆಂಗಳೂರು) · ಜುಲೈ 11, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಹೋದ ಡಿಸೆಂಬರಿನಲ್ಲಿ ಒಂದು ಕರಕುಶಲ ಮೇಳದಲ್ಲಿ 1,400 ರೂಪಾಯಿ ಕೊಟ್ಟು ತೇಗದ ಚಾಪಿಂಗ್ ಬೋರ್ಡ್ ತಂದೆ. ಒಂದೇ ಹಲಗೆ, ಜೋಡಿಸಿದ್ದಲ್ಲ. ಒಂದೂವರೆ ಅಡಿ ಉದ್ದ, ಹೆಬ್ಬೆರಳಿನ ದಪ್ಪ. ಏಳು ತಿಂಗಳಿಗೇ ಅದರ ಗತಿ ಹೀಗಾಗಿದೆ:

ನಡುವೆ ಬಾಗಿ ತೊಟ್ಟಿಲ ಥರ ಆಡುತ್ತೆ. ಈರುಳ್ಳಿ ಹೆಚ್ಚುವಾಗ ಗ್ರಾನೈಟ್ ಮೇಲೆ ಟಕ್ ಟಕ್ ಅಂತ ಸದ್ದು, ಪಾಪು ಎದ್ದುಬಿಡುತ್ತೆ. ಕೆಳಗಡೆ ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕೆಗಳು. ಒಂದು ಕಡೆ ಅರ್ಧ ಬಳೆಯಂಥ ಕಪ್ಪು ಗೆರೆ ಬೇರೆ. ತಿಂಗಳಿಗೊಮ್ಮೆ ಕಡಲೆಕಾಯಿ ಎಣ್ಣೆ ಹಚ್ಚುತ್ತಿದ್ದೆ. ಈಗ ಮುಟ್ಟಿದರೆ ಕೈಗೆ ಅಂಟು, ಮೂಗಿಗೆ ಕಮಟು.

ಇಷ್ಟು ಸಾಲದು ಅಂತ ಮೊನ್ನೆ ಉಪ್ಪಿನಕಾಯಿಗೆ ಹಸಿ ಅರಿಶಿನ ಹೆಚ್ಚಿದೆ. ಹಳದಿ ಕಲೆ ಹೋಗಲಿ ಅಂತ ಅಡುಗೆ ಸೋಡಾ ಉದುರಿಸಿ ಉಜ್ಜಿದರೆ ರಕ್ತದ ಬಣ್ಣಕ್ಕೆ ತಿರುಗಿತು! ನಮ್ಮತ್ತೆ ನೋಡಿ “ಏನೇ ಇದು, ಕೋಳಿ ಕುಯ್ದೆಯಾ?” ಅಂದರು. ನಮ್ಮದು ಮೊಟ್ಟೆಯನ್ನೂ ಒಳಗೆ ತರದ ಮನೆ.

ದಿನಾ ಸ್ಪಂಜಿನಲ್ಲಿ ತೊಳೆದು, ಒರೆಸಿ, ಕಟ್ಟೆ ಮೇಲೇ ಇಡುತ್ತೇನೆ. ನೀರಲ್ಲಿ ನೆನೆಸಿಲ್ಲ. ಎಲ್ಲಿ ತಪ್ಪಾಯಿತು?

---

ಈಳಿಗೆ ಭಕ್ತ · ಜುಲೈ 11, ರಾತ್ರಿ 10:31

ಈಳಿಗೆ ಮಣೆ ತಗೊಳ್ಳಿ. ಸಮಸ್ಯೆ ಖತಂ.

---

ತರಕಾರಿ ಬುಟ್ಟಿ · ಜುಲೈ 11, ರಾತ್ರಿ 10:34

ನನ್ನ ಮಂಡಿ ನಿಮಗೆ ಕಳಿಸ್ತೀನಿ ಸಾರ್, ಆಮೇಲೆ ಹೇಳಿ.

---

ಲ್ಯಾಬ್ ಮೇಷ್ಟ್ರು (ಮೈಸೂರು) · ಜುಲೈ 12, ಬೆಳಗ್ಗೆ 6:05

ಮೊದಲು ಕೆಂಪಿನ ಕಥೆ ಮುಗಿಸೋಣ, ಅದು ಸುಲಭ. ನೀವು ಮಾಡಿದ್ದು ಆರತಿ ತಟ್ಟೆಯ ಓಕುಳಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಅದೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಹುಳಿ ತಗುಲಿದರೆ ಮತ್ತೆ ಹಳದಿ. ಸುಣ್ಣವೂ ಕ್ಷಾರ, ಸೋಡಾವೂ ಕ್ಷಾರ. ಬಟ್ಟೆ ಸೋಪೂ ಅಷ್ಟೆ, ಅದಕ್ಕೇ ಸಾಂಬಾರು ಚೆಲ್ಲಿದ ಪಂಚೆ ಒಗೆಯುವಾಗ ಒಂದು ಕ್ಷಣ ಕೆಂಪಾಗಿ ಗಾಬರಿ ಹುಟ್ಟಿಸುವುದು.

ಅರ್ಧ ನಿಂಬೆಹಣ್ಣು ಉಜ್ಜಿ. ಕೆಂಪು ಹೋಗಿ ಹಳದಿ ವಾಪಸ್ ಬರುತ್ತದೆ. ಆ ಹಳದಿ ತೆಗೆಯಲು ಸೋಪಿಗಿಂತ ಬೆಳಕು ವಾಸಿ. ಕರ್ಕ್ಯುಮಿನ್ ಬಿಸಿಲಿಗೆ ಒಡೆದುಹೋಗುತ್ತದೆ. ಕಿಟಕಿಯ ಹತ್ತಿರ ಬೆಳಗಿನ ಎಳೆಬಿಸಿಲು ಅರ್ಧ ಗಂಟೆ, ನಾಲ್ಕೈದು ದಿನ. ಮಧ್ಯಾಹ್ನದ ಬಿಸಿಲಿಗೆ ತಾರಸಿಯಲ್ಲಿ ಹಪ್ಪಳದ ಪಕ್ಕ ಇಟ್ಟೀರಿ ಮತ್ತೆ, ಬಿರುಕು ಬಿಡುತ್ತದೆ.

---

ತರಕಾರಿ ಬುಟ್ಟಿ · ಜುಲೈ 12, ಬೆಳಗ್ಗೆ 8:50

ನಿಂಬೆಹಣ್ಣು ಹಚ್ಚಿದೆ ಸಾರ್. ಕಣ್ಣೆದುರೇ ಹಳದಿ ಆಯ್ತು! ಅತ್ತೆಯನ್ನೂ ಕರೆದು ತೋರಿಸಿದೆ. “ಓಕುಳಿ ಅಂತ ಮೊದಲೇ ಹೇಳಬಾರದಾ” ಅಂದರು. ನನಗೇನು ಗೊತ್ತಿತ್ತಾ?

---

ಉಳಿ ಸುತ್ತಿಗೆ (ಸಾಗರ) · ಜುಲೈ 12, ರಾತ್ರಿ 8:15

ಅಕ್ಕ, ನಾನು ಮರಗೆಲಸದವನು. ಮೂವತ್ತು ವರ್ಷ ಆಯ್ತು ಕೈಯಲ್ಲಿ ಉಳಿ ಹಿಡಿದು. ನಿಮ್ಮ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: “ತೊಳೆದು, ಒರೆಸಿ, ಕಟ್ಟೆ ಮೇಲೇ ಇಡುತ್ತೇನೆ”.

ಮೇಲ್ಮುಖ ಒರೆಸ್ತೀರಿ, ಅದು ಗಾಳಿಗೆ ಒಣಗುತ್ತೆ. ಕೆಳಮುಖ? ಅದರಡಿಗೆ ತೆಳ್ಳಗೆ ನೀರು ಇಳಿದಿರುತ್ತೆ, ಗ್ರಾನೈಟ್ ನೀರು ಕುಡಿಯಲ್ಲ, ಗಾಳಿನೂ ಹೋಗಲ್ಲ. ರಾತ್ರಿಯೆಲ್ಲ ಆ ನೀರನ್ನ ಮರ ಕುಡಿಯುತ್ತೆ. ಮರ ಉದ್ದಕ್ಕೆ ಬೆಳೆಯಲ್ಲ, ಅಗಲಕ್ಕೆ ಬೆಳೆಯುತ್ತೆ. ಕೆಳಮುಖ ಅಗಲ ಆಯ್ತು, ಮೇಲ್ಮುಖ ಇದ್ದಷ್ಟೇ ಇತ್ತು. ಆಗ ಏನಾಗಬೇಕು? ಕೆಳಗಡೆ ಉಬ್ಬಿ ತೊಟ್ಟಿಲಾಯ್ತು. ಚುಕ್ಕೆನೂ ಕೆಳಗಡೆ ಮಾತ್ರ ಅಂದ್ರಿ. ಎಣ್ಣೆ ಹೆಚ್ಚುಕಮ್ಮಿ ಆಗಿದ್ದಕ್ಕೆ ಹೀಗಾಗಿಲ್ಲ. ಗಾಳಿ ಸಿಗದೆ ಆಗಿದ್ದು.

ಇನ್ನೊಂದು. ಮಣೆಯ ತಲೆ ಕಡೆ, ಅಂದ್ರೆ ಗರಗಸದಲ್ಲಿ ಅಡ್ಡ ಕೊಯ್ದ ಕಡೆ ನೋಡಿ. ಮರದ ಉಂಗುರಗಳು ಅರ್ಧಚಂದ್ರದ ಹಾಗೆ ಕಾಣ್ತಾವಾ, ಇಲ್ಲ ನೆಟ್ಟಗೆ ನಿಂತ ಗೆರೆಗಳಾ?

---

ತರಕಾರಿ ಬುಟ್ಟಿ · ಜುಲೈ 12, ರಾತ್ರಿ 8:40

ಅರ್ಧಚಂದ್ರ ಅಣ್ಣ. ಒಂದು ಅಂಚಿನಲ್ಲಿ ಎರಡು ಬೆರಳಗಲ ಬಿಳಿಚಿಕೊಂಡೂ ಇದೆ.

---

ಉಳಿ ಸುತ್ತಿಗೆ · ಜುಲೈ 12, ರಾತ್ರಿ 9:10

ಹಾಗಾದ್ರೆ ದಿಮ್ಮಿಯ ಹೊರಭಾಗದಿಂದ ಸೀಳಿದ ಹಲಗೆ. ಇದು ಬಾಗೋ ಜಾತಿನೇ. ನೆಟ್ಟಗೆ ಗೆರೆ ನಿಂತಿರೋ ಹಲಗೆ ಬಾಗೋದು ಕಮ್ಮಿ. ಆ ಬಿಳಿ ಅಂಚು ಚೇಗಲ್ಲ, ಅಂದ್ರೆ ಮರದ ಒಳಗಿನ ಗಟ್ಟಿ ತಿರುಳಲ್ಲ, ಎಳೇ ಭಾಗ. ಬೂಷ್ಟು, ಕುಟ್ಟೆ ಹುಳ ಎರಡಕ್ಕೂ ಅದೇ ಊಟ. ತೇಗ ಅಂದ ಕೂಡ್ಲೆ ಎಲ್ಲಾ ಗಟ್ಟಿ ಅಂತ ಜನ ತಿಳ್ಕೋತಾರೆ. ಚೇಗು ಮಾತ್ರ ಗಟ್ಟಿ.

ಸರಿ ಮಾಡೋದು ಹೀಗೆ. ಕಾಟನ್ ಟವೆಲ್ ಒದ್ದೆ ಮಾಡಿ ಚೆನ್ನಾಗಿ ಹಿಂಡಿ ಕಟ್ಟೆ ಮೇಲೆ ಹಾಸಿ. ಮಣೆಯ ಗುಳಿ ಬಿದ್ದ ಮುಖ, ನಿಮ್ಮ ಲೆಕ್ಕದಲ್ಲಿ ಮೇಲ್ಮುಖ, ಅದನ್ನ ಟವೆಲ್ ಮೇಲೆ ಕವುಚಿ ಹಾಕಿ. ಉಬ್ಬಿದ ಮುಖ ಗಾಳಿಗಿರಲಿ. ಒಂದು ರಾತ್ರಿ ಬಿಟ್ಟು ನೋಡಿ, ಸಾಲದಿದ್ರೆ ಇನ್ನೊಂದು. ಮಟ್ಟಕ್ಕೆ ಬಂದ ತಕ್ಷಣ ತೆಗೆದು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಎರಡೂ ಕಡೆ ಸಮ ಒಣಗಿಸಿ. ಮೇಲೆ ರುಬ್ಬೋ ಕಲ್ಲು ಹೇರಬೇಡಿ, ಯಾರಾದ್ರೂ ಹೇಳೇ ಹೇಳ್ತಾರೆ. ಒತ್ತಿದ್ರೆ ಸೀಳುತ್ತೆ.

---

ಜೋಳದ ರೊಟ್ಟಿ (ಧಾರವಾಡ) · ಜುಲೈ 12, ರಾತ್ರಿ 9:22

ರುಬ್ಬೋ ಕಲ್ಲು ಹೇರ್ರಿ ಅಂತ ಬರ್ಯಾಕತ್ತಿದ್ದೆ, ಅಳಿಸಿದೆ ನೋಡ್ರಿ.

ಎಣ್ಣಿ ವಿಷಯಕ್ಕ ಬರ್ರಿ. ಶೇಂಗಾ ಎಣ್ಣಿ ಬ್ಯಾಡ. ನಮ್ಮ ಅಜ್ಜ ಬಂಡಿ ನೊಗಕ್ಕ, ಕೊಡ್ಲಿ ಹಿಡಿಕಿಗೆ ಅಗಸಿ ಎಣ್ಣಿ ಉಣಿಸತಿದ್ದ. ಒಣಗಿ ಗಟ್ಟಿ ಆಗತದ, ಅಂಟಂಗಿಲ್ಲ. ಮಣಿಗೂ ಅದನ್ನ ಹಚ್ರಿ.

---

ಉಳಿ ಸುತ್ತಿಗೆ · ಜುಲೈ 12, ರಾತ್ರಿ 9:45

ಅಗಸೆ ಎಣ್ಣೆ ಒಳ್ಳೇದೇ ಅಣ್ಣ. ಆದ್ರೆ ಅವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಲಿನ್‌ಸೀಡ್ ಕೇಳಿದ್ರೆ ‘ಡಬಲ್ ಬಾಯ್ಲ್ಡ್’ ಡಬ್ಬ ಕೊಡ್ತಾರೆ. ಅದರಲ್ಲಿ ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್ ಥರದ್ದು ಬೆರೆಸಿರ್ತಾರೆ. ಕಿಟಕಿ ಬಾಗಿಲಿಗೆ ಸರಿ, ಊಟದ ವಸ್ತುಗೆ ಬೇಡ. ಗಾಣದ್ದೋ ತಿನ್ನೋ ದರ್ಜೆಯದ್ದೋ ಸಿಕ್ಕಿದ್ರೆ ಹಚ್ಚಬಹುದು. ತೆಳ್ಳಗೆ ಹಚ್ಚಿ, ಒಂದೊಂದು ಪದರಕ್ಕೂ ದಿನಗಟ್ಟಲೆ ಕಾಯಬೇಕು. ಮಳೆಗಾಲದಲ್ಲಿ ವಾರಗಟ್ಟಲೆ.

ಹಚ್ಚಿದ ಬಟ್ಟೆ ಉಂಡೆ ಮಾಡಿ ಮೂಲೆಗೆ ಬಿಸಾಕಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತೆ. ನಮ್ಮ ಗುರುಗಳ ಶೆಡ್ಡಿನಲ್ಲಿ ಒಂದ್ಸಲ ಹೊಗೆ ಎದ್ದದ್ದು ನಾನೇ ಕಂಡಿದ್ದೀನಿ. ಬಿಡಿಸಿ ತಂತಿ ಮೇಲೆ ಹಾಕಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿ.

---

ಘಟ್ಟದ ಕೆಳಗೆ (ಪುತ್ತೂರು ಕಡೆ) · ಜುಲೈ 13, ಮಧ್ಯಾಹ್ನ 2:30

ಇಲ್ಲಿ ಒಂದು ತಿಂಗಳಿಂದ ಮಳೆ ಬಿಟ್ಟದ್ದೇ ಇಲ್ಲ. ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಹಿಂದಿನ ರಟ್ಟಿಗೆ ಎಲ್ಲದಕ್ಕೂ ಬೂಷ್ಟು. ನನ್ನ ಹಲಸಿನ ಮರದ ಮಣೆಗೆ ಮಾತ್ರ ಇಲ್ಲ. ಇಪ್ಪತ್ತು ವರ್ಷದ್ದು ಅದು. ಹಚ್ಚುವುದು ತೆಂಗಿನೆಣ್ಣೆ, ನಮ್ಮದೇ ಕೊಬ್ಬರಿಯದ್ದು. ಬೇರೆ ಏನೂ ಇಲ್ಲ.

ಈಳಿಗೆ ಭಕ್ತರಿಗೆ ಒಂದು ಮಾತು. ಮೆಟ್ಟುಗತ್ತಿಯಲ್ಲಿ ಕತ್ತಿ ನಿಂತಿರುತ್ತದೆ, ತರಕಾರಿ ಓಡಾಡುತ್ತದೆ. ಮರಕ್ಕೆ ಕತ್ತಿ ತಾಗುವುದೇ ಇಲ್ಲ. ಹೆರೆಮಣೆಯೂ ಹಾಗೆ, ಚಪಾತಿ ಮಣೆಯೂ ಹಾಗೆ. ಗಾಯವಾದ ಮರವನ್ನು ನೋಡಿಕೊಳ್ಳುವ ಪಾಠ ನಮಗೆ ಅಜ್ಜಿಯಿಂದ ಬಂದೇ ಇಲ್ಲ ನೋಡಿ. ನಿಂತು ಅಡುಗೆ ಮಾಡಲು ಶುರು ಮಾಡಿದ ಮೇಲೆ ನಾವೇ ಕಲಿತದ್ದು.

ಹಲಸಿನಕಾಯಿ ಕೊರೆಯುವಾಗ ಮಣೆಗೂ ಕತ್ತಿಗೂ ಕೈಗೂ ಮೊದಲೇ ಎಣ್ಣೆ ಸವರಿಕೊಳ್ಳಿ. ಮೇಣ ಹಿಡಿದ ಮೇಲೆ ನೀರು, ಸೋಪು ಏನೂ ನಡೆಯುವುದಿಲ್ಲ, ಎಣ್ಣೆಯೇ ಬೇಕು.

---

ಸುಮ್ನೆ ಓದುಗ · ಜುಲೈ 13, ಮಧ್ಯಾಹ್ನ 3:02

ಕರಾವಳಿಯಲ್ಲಿ ಮನೆಯ ಜಂತಿಗೆ, ದೋಣಿಗೆ ಗೇರೆಣ್ಣೆ ಹಚ್ಚುತ್ತಾರಲ್ಲ, ಗೆದ್ದಲು ಹತ್ತಿರ ಸುಳಿಯಲ್ಲ. ಮಣೆಗೂ ಅದೇ ಹಚ್ಚಿದರೆ ಜನ್ಮಕ್ಕೆ ಸಾಕಲ್ವಾ?

---

ಘಟ್ಟದ ಕೆಳಗೆ · ಜುಲೈ 13, ಮಧ್ಯಾಹ್ನ 3:06

ಅಯ್ಯೋ ಮಾರಾಯ್ರೆ, ಖಂಡಿತ ಬೇಡ!! ಗೇರುಬೀಜದ ಸಿಪ್ಪೆಯ ಎಣ್ಣೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಚರ್ಮ ಸುಲಿದು ಬರುತ್ತದೆ. ಹೊಂಗೆ ಎಣ್ಣೆಯೂ ಬೇಡ, ಕಹಿ ವಿಷ. ಜಂತಿಯನ್ನು ಯಾರೂ ನೆಕ್ಕುವುದಿಲ್ಲ.

---

ಲ್ಯಾಬ್ ಮೇಷ್ಟ್ರು · ಜುಲೈ 13, ರಾತ್ರಿ 7:40

ಎಣ್ಣೆಯ ಜಗಳಕ್ಕೆ ನನ್ನದೂ ಒಂದು ಚಮಚ.

ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಮುಟ್ಟಿ ನೋಡಿ. ಆ ಕಂದು ಅಂಟು ನೀವು ಒಗ್ಗರಣೆಗೆ ಹಾಕಿದ ಎಣ್ಣೆಯೇ, ಗಾಳಿಯ ಆಮ್ಲಜನಕದ ಜೊತೆ ಸೇರಿ ಅರ್ಧಂಬರ್ಧ ಗಟ್ಟಿಯಾದದ್ದು. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳು ಮಣೆಯ ಮೇಲೂ ಹೀಗೇ. ಅಗಸೆಯಂತೆ ಪೂರ್ತಿ ಒಣಗುವುದೂ ಇಲ್ಲ, ತೆಂಗಿನಂತೆ ಸುಮ್ಮನಿರುವುದೂ ಇಲ್ಲ. ನಡುವೆ ನಿಂತು ಅಂಟುತ್ತವೆ, ಕಮಟುತ್ತವೆ.

ತೆಂಗಿನೆಣ್ಣೆಯಲ್ಲಿ ಸುಮಾರು 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಆಮ್ಲಜನಕಕ್ಕೆ ಅಲ್ಲಿ ಹಿಡಿಯಲು ಜಾಗ ಕಡಿಮೆ. ಆದರೆ ಅದಕ್ಕೆ ಬೇರೊಂದು ದೌರ್ಬಲ್ಯವಿದೆ. ತೇವ, ಬೂಷ್ಟು ಎರಡೂ ಸೇರಿದರೆ ಒಡೆದು ಸಾಬೂನಿನಂಥ ವಾಸನೆ ಬರುತ್ತದೆ. ಹಳೇ ಕೊಬ್ಬರಿ ಗಿಟಕಿನ ವಾಸನೆ ಗೊತ್ತಲ್ಲ.

ಈ ಎರಡೂ ತಲೆನೋವು ಇಲ್ಲದ್ದು ಲಿಕ್ವಿಡ್ ಪ್ಯಾರಾಫಿನ್. ಮಲಬದ್ಧತೆಗೆ ಕೊಡುವ ಎಣ್ಣೆ ಅದು, ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ಲೇಬಲ್ ಮೇಲೆ ‘ಐಪಿ’ (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧಿ ದರ್ಜೆ) ಅಂತ ಇರಬೇಕು. ಅದು ಕೆಡುವುದೂ ಇಲ್ಲ, ಒಣಗುವುದೂ ಇಲ್ಲ, ವಾಸನೆಯೂ ಇಲ್ಲ. ಒಣಗದ ಕಾರಣ ತೊಳೆದಂತೆಲ್ಲ ಹೋಗುತ್ತದೆ, ಮತ್ತೆ ಹಚ್ಚಬೇಕು. ಮಿಲ್ಕ್ ಆಫ್ ಮೆಗ್ನೀಶಿಯಾ ಬೆರೆತ ಬಿಳಿ ಔಷಧಿ ತರಬೇಡಿ, ಬರೀ ನೀರಿನಂತೆ ತಿಳಿಯಾದದ್ದು.

---

ಘಟ್ಟದ ಕೆಳಗೆ · ಜುಲೈ 13, ರಾತ್ರಿ 8:05

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ನನ್ನ ಮಣೆ ಈಗಾಗಲೇ ನಾರಬೇಕಿತ್ತು. ಇಪ್ಪತ್ತು ಮಳೆಗಾಲ ಆಯಿತು.

---

ಲ್ಯಾಬ್ ಮೇಷ್ಟ್ರು · ಜುಲೈ 13, ರಾತ್ರಿ 8:12

ನಿಮ್ಮ ಮಣೆ ರಾತ್ರಿ ಎಲ್ಲಿರುತ್ತದೆ ಅಕ್ಕ?

---

ಘಟ್ಟದ ಕೆಳಗೆ · ಜುಲೈ 13, ರಾತ್ರಿ 8:15

ಬಚ್ಚಲು ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕುತ್ತೇನೆ.

ಓ, ಸರಿ. ಅರ್ಥವಾಯಿತು. ಆದರೂ ಎಣ್ಣೆ ಬದಲಿಸುವುದಿಲ್ಲ.

---

ಕೊರಡು (ಮಂಡ್ಯ) · ಜುಲೈ 13, ರಾತ್ರಿ 10:50

ನಮ್ದು ಮಟನ್ ಅಂಗ್ಡಿ, ತಾತನ ಕಾಲದ್ದು. ನಿಮ್ ಮಣೆ ಮೇಲೆ ಬೀಳೋದು ಬೀನ್ಸು. ನಮ್ ಕೊರಡಿನ ಮೇಲೆ ದಿನಾ ಬೆಳಗ್ಗೆಯಿಂದ ಮಚ್ಚು ಬೀಳುತ್ತೆ. ಹುಣಸೆ ಮರದ್ದು, ಅಡ್ಡ ಕೊಯ್ದಿರೋ ದುಂಡು. ಮಂಡಿಯೆತ್ತರ. ಈಗಿರೋದು ಬಂದು ಹನ್ನೊಂದು ವರ್ಷ.

ಹುಣಸೆ ಯಾಕೆ ಅಂದ್ರೆ ಅದರ ನಾರು ಒಂದಕ್ಕೊಂದು ಹೆಣ್ಕೊಂಡಿರುತ್ತೆ, ಚಕ್ಕೆ ಏಳಲ್ಲ. ಅಡ್ಡ ಕೊಯ್ದಿರೋದು ಯಾಕೆ ಅಂದ್ರೆ, ಕಡ್ಡಿ ಪೊರಕೆನ ತಲೆಕೆಳಗು ನಿಲ್ಸಿ ಬುಡದ ಕಡೆಯಿಂದ ನೋಡಿ. ಕತ್ತಿ ಕಡ್ಡಿ ಮಧ್ಯಕ್ಕೆ ಇಳಿಯುತ್ತೆ, ತೆಗೆದ್ರೆ ಕಡ್ಡಿ ಮತ್ತೆ ಕೂಡ್ಕೊಳುತ್ತೆ. ನಿಮ್ ಹಲಗೆ ಪೊರಕೆನ ಮಲಗ್ಸಿದ ಹಾಗೆ. ಪ್ರತಿ ಏಟಿಗೂ ಕಡ್ಡಿ ತುಂಡಾಗುತ್ತೆ. ಚಾಕುನೂ ಮೊಂಡಾಗೋದು ಬೇಗ.

ರಾತ್ರಿ ಬಾಗ್ಲು ಹಾಕೋ ಮುಂಚೆ ಕತ್ತಿನ ಓರೆ ಹಿಡಿದು ಮೇಲ್ಮೈ ಕೆರೀತೀವಿ. ರಾಗಿ ಹಿಟ್ಟಿನ ಮುದ್ದೆ ಥರ ತೇವ ಎಲ್ಲಾ ಸುರುಳಿ ಸುರುಳಿ ಬರುತ್ತೆ. ಆಮೇಲೆ ಕಲ್ಲುಪ್ಪು, ಅರಿಶಿನ ತಿಕ್ಕಿ ಬಿಡ್ತೀವಿ. ಬೆಳಗ್ಗೆ ಉಪ್ಪು ತೇವ ಎಳ್ಕೊಂಡು ನೀರಾಗಿರುತ್ತೆ, ಒರೆಸಿ ಶುರು. ನೀರು ಹುಯ್ಯೋದು ಕಮ್ಮಿ. ಮನೆ ಮಣೆಗೂ ಕೆರೆಯೋದು ಅಭ್ಯಾಸ ಮಾಡ್ಕೊಳ್ಳಿ. ಸ್ಪಂಜು ಮೇಲಿಂದ ಮೇಲೆ ಹೋಗುತ್ತೆ, ಗೀರಿನೊಳಗಿನದ್ದು ಬರಲ್ಲ.

---

ಸ್ಟೀಲ್ ಪಾತ್ರೆ · ಜುಲೈ 14, ಬೆಳಗ್ಗೆ 9:15

ಇಷ್ಟೆಲ್ಲ ಯಾಕೆ? ಹೋಟೆಲುಗಳಲ್ಲಿ ಹಸಿರು, ಕೆಂಪು, ನೀಲಿ ಪ್ಲಾಸ್ಟಿಕ್ ಬೋರ್ಡು ಇಟ್ಟಿರ್ತಾರೆ. ಮರ ಕೀಟಾಣು ಹೀರಿಕೊಳ್ಳುತ್ತೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತು.

---

ಲ್ಯಾಬ್ ಮೇಷ್ಟ್ರು · ಜುಲೈ 14, ರಾತ್ರಿ 7:30

ಹೀರಿಕೊಳ್ಳುವುದು ನಿಜ. ಆಮೇಲೆ ಏನಾಗುತ್ತದೆ ಅನ್ನುವುದು ಸ್ವಾರಸ್ಯ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಮರ, ಪ್ಲಾಸ್ಟಿಕ್ ಎರಡರ ಮೇಲೂ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲೈ ಎಂಬ ರೋಗ ತರುವ ಬ್ಯಾಕ್ಟೀರಿಯಾ ಸವರಿ ನೋಡಿ 1994ರಲ್ಲಿ ಪ್ರಕಟಿಸಿದರು. ಮರವನ್ನು ಸೋಂಕಿಲ್ಲದಂತೆ ಮಾಡುವ ದಾರಿ ಹುಡುಕಲು ಹೊರಟವರು ಅವರು. ಕಂಡದ್ದೇನೆಂದರೆ, ಮರದ ಮೇಲಿನ ಬ್ಯಾಕ್ಟೀರಿಯಾ ನೀರಿನ ಜೊತೆ ಒಳಕ್ಕೆ ಸೇದಿಹೋಗಿ ಅಲ್ಲಿ ಹೆಚ್ಚಲಾಗದೆ ಕ್ರಮೇಣ ಸಾಯುತ್ತಿತ್ತು. ಹೊಸ ಪ್ಲಾಸ್ಟಿಕ್ಕನ್ನು ತೊಳೆಯುವುದು ಸುಲಭವೇ. ಚಾಕುವಿನ ಗೀರು ತುಂಬಿದ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದು ಶುದ್ಧ ಮಾಡುವುದು ಕಷ್ಟವಾಯಿತು.

ಇದರಿಂದ ‘ಮರ ತಾನೇ ಶುದ್ಧ’ ಅಂತ ತಿಳಿಯಬೇಡಿ. ಸಾಯಲು ಹೊತ್ತು ಬೇಕು, ಮರ ಒಣಗಬೇಕು. ಕೋಳಿ ಹೆಚ್ಚಿ ಅದರ ಮೇಲೇ ಸೌತೆಕಾಯಿ ಹೆಚ್ಚಿದರೆ ಯಾವ ಮರವೂ ಕಾಯುವುದಿಲ್ಲ. ಹಸಿ ಮಾಂಸ, ಮೀನಿಗೆ ಒಂದು, ಹಾಗೇ ತಿನ್ನುವುದಕ್ಕೆ ಇನ್ನೊಂದು ಮಣೆ ಇಟ್ಟುಕೊಳ್ಳಿ. ಸೋಂಕು ತೆಗೆಯಲು ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ಟೇಬಲ್ ಚಮಚ ಪರಿಮಳವಿಲ್ಲದ ದ್ರವ ಬ್ಲೀಚ್. ಸವರಿ, ಕೆಲವು ನಿಮಿಷ ಬಿಟ್ಟು, ತೊಳೆದು ಒಣಗಿಸಿ. ಬ್ಲೀಚ್ ಹಚ್ಚಿದ ದಿನ ನಿಂಬೆಹಣ್ಣು, ವಿನೆಗರ್ ಹತ್ತಿರವೂ ತರಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಪ್ಲಾಸ್ಟಿಕ್ ಬೋರ್ಡಿನಿಂದ ಊಟಕ್ಕೆ ಮೈಕ್ರೋಪ್ಲಾಸ್ಟಿಕ್ ಸೇರುತ್ತದೆಂದು 2023ರಲ್ಲಿ ನಾರ್ತ್ ಡಕೋಟಾದ ಸಂಶೋಧಕರು ತೋರಿಸಿದರು. ಅವರು ಮರದ ಬೋರ್ಡಿನಿಂದಲೂ ಪುಡಿ ಉದುರುವುದನ್ನು ಕಂಡರು. ಮರದ ಪುಡಿ ನಾರು, ಅಷ್ಟೇ ವ್ಯತ್ಯಾಸ.

---

ಸ್ಟೀಲ್ ಪಾತ್ರೆ · ಜುಲೈ 14, ರಾತ್ರಿ 7:52

ಆಯ್ತು ಸಾರ್, ಓದಿದೆ. ನಾನು ಪ್ಲಾಸ್ಟಿಕ್ಕಲ್ಲೇ ಇರ್ತೀನಿ. ಗೀರು ಬಿದ್ದರೆ ಎಸೀತೀನಿ.

---

ಹಿಮದೂರಿನವ (ಮಿನೆಸೋಟ) · ಜುಲೈ 15, ಬೆಳಗ್ಗೆ 5:20

ನನ್ನ ಕಷ್ಟ ತಿರುಗುಮುರುಗು. ಇಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್, ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆದು ರಕ್ತ. ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಬೇವಿನ ಮರದ ಮಣೆ ಜನವರಿಯಲ್ಲಿ ತಲೆ ಕಡೆಯಿಂದ ನಾಲ್ಕು ಬೆರಳುದ್ದ ಸೀಳಿತು. ಇಲ್ಲಿಯ ಮೇಪಲ್ ಬೋರ್ಡಿಗೆ ಏನೂ ಆಗಲಿಲ್ಲ. ಆ ಸೀಳಿಗೆ ಏನು ಮಾಡಲಿ? ಅಮ್ಮ ಕೊಟ್ಟದ್ದು.

---

ಉಳಿ ಸುತ್ತಿಗೆ · ಜುಲೈ 15, ರಾತ್ರಿ 8:30

ತಮ್ಮಾ, ಮರ ನೀರು ಬಿಡೋದೂ ಕುಡಿಯೋದೂ ತಲೆ ಕಡೆಯಿಂದಲೇ ಜಾಸ್ತಿ, ನಾರಿನ ಬಾಯಿ ಅಲ್ಲಿರುತ್ತೆ. ಎಣ್ಣೆ ಹಚ್ಚುವಾಗ ಜನ ಮೇಲೆ ಕೆಳಗೆ ಹಚ್ತಾರೆ, ತಲೆ ಮರೀತಾರೆ. ಅಲ್ಲಿ ಎರಡು ಪಟ್ಟು ಕುಡಿಸಬೇಕು.

ಈಗ ಬೇಸಿಗೆ ಅಲ್ವಾ, ಸೀಳು ತುಸು ಕೂಡಿಕೊಂಡಿರುತ್ತೆ. ಎಣ್ಣೆ ಮುಟ್ಟಿಸದೆ, ನೀರಿಗೆ ಬಿಡದ ದರ್ಜೆಯ ಮರದ ಅಂಟು ಬ್ಲೇಡಿನ ತುದಿಯಲ್ಲಿ ಒಳಕ್ಕೆ ತಳ್ಳಿ, ಕ್ಲಾಂಪ್ ಹಾಕಿ ಒಂದು ದಿನ ಬಿಡಿ. ಆಮೇಲೆ ಸ್ಯಾಂಡ್ ಪೇಪರ್. ಅಂಟಿಗೆ ಮರದ ಪುಡಿ ಕಲಸಿ ಮೆತ್ತಬೇಡಿ, ಮೊದಲ ಚಳಿಗೇ ಉದುರುತ್ತೆ. ಸೀಳು ಈ ತುದಿಯಿಂದ ಆ ತುದಿಗೆ ಹೋಗಿದ್ರೆ ಎರಡು ಹೋಳು ಮಾಡಿ, ಅಂಚು ಕೀಸಿ ಮತ್ತೆ ಜೋಡಿಸೋದೇ ಸರಿ. ಅಮ್ಮನಿಗೆ ಹೇಳಬೇಡಿ.

---

ಸುಮ್ನೆ ಓದುಗ · ಜುಲೈ 16, ಬೆಳಗ್ಗೆ 11:10

ಹಳೇ ಮನೆ ಕೆಡವಿದಾಗ ಬಾಗಿಲಿನ ಹಲಗೆ ಉಳಿಸಿಕೊಂಡಿದ್ದೀವಿ. ನಾಲ್ಕು ಮಣೆ ಆಗಬಹುದು. ಯಾವ ಮರ ಅಂತ ಗೊತ್ತಿಲ್ಲ. ನೀರು ತಾಗಿದರೆ ಕೆಂಪು ಕಂದು ಬಣ್ಣ ಬಿಡುತ್ತೆ.

---

ಉಳಿ ಸುತ್ತಿಗೆ · ಜುಲೈ 16, ಮಧ್ಯಾಹ್ನ 1:40

ಬಣ್ಣ ಬಿಡುತ್ತೆ ಅಂದ್ರೆ ಹೊನ್ನೆ ಇರಬಹುದು. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡೀತಾರಲ್ಲ, ನೀರು ಚಹಾ ಬಣ್ಣ ಆಗಿರುತ್ತೆ. ಅದರ ಮೇಲೆ ಮೂಲಂಗಿ ಹೆಚ್ಚಿದ್ರೆ ಮೂಲಂಗಿನೂ ಚಹಾ. ಅದಕ್ಕಿಂತ ಮುಖ್ಯ, ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು, ಗೆದ್ದಲ ಮದ್ದು ಕುಡಿದಿರಬಹುದು. ಊಟದ ಕೆಲಸಕ್ಕೆ ಬೇಡ. ಬೆಂಚು ಮಾಡಿ, ಕುಳಿತು ಕಾಫಿ ಕುಡೀರಿ.

ಯಾವ ಮರ ಅಂತ ಗೊತ್ತಿಲ್ಲದ ಯಾವುದನ್ನೂ ಮಣೆ ಮಾಡಬೇಡಿ. ಕಾಡಲ್ಲಿ ಕಾಸರಕದಂಥ ವಿಷದ ಮರಗಳೂ ಇವೆ. ಹಲಸು, ಹುಣಸೆ, ತೇಗದ ಚೇಗು, ಬೇವು ಇವು ಸಾಕಲ್ವಾ? ತೇಗದಲ್ಲಿ ಮರಳಿನಂಥ ಸಿಲಿಕಾ ಇರುತ್ತೆ, ಚಾಕು ಬೇಗ ಮೊಂಡಾಗುತ್ತೆ. ನಮ್ಮ ಉಳಿಗೂ ಅದೇ ಗತಿ. ನನ್ನ ಕೇಳಿದ್ರೆ ಹಲಸು.

---

ತರಕಾರಿ ಬುಟ್ಟಿ · ಜುಲೈ 19, ರಾತ್ರಿ 9:30

ವರದಿ ಒಪ್ಪಿಸ್ತಾ ಇದ್ದೀನಿ.

ಟವೆಲ್ ಮೇಲೆ ಕವುಚಿ ಮೂರು ರಾತ್ರಿ. ಮೊದಲ ಬೆಳಗ್ಗೆ ಏನೂ ಕಾಣಲಿಲ್ಲ. ಎರಡನೇ ದಿನ ಅಡಿಯಲ್ಲಿ ಪೋಸ್ಟ್‌ಕಾರ್ಡ್ ತೂರುತ್ತಿತ್ತು, ಮೂರನೇ ದಿನ ತೂರಲಿಲ್ಲ. ಟಕ್ ಟಕ್ ನಿಂತಿದೆ. ಪೂರ್ತಿ ಮಟ್ಟ ಅಲ್ಲ, ಒಂದು ಮೂಲೆ ಕೂದಲೆಳೆಯಷ್ಟು ಎದ್ದಿದೆ, ಇರಲಿ.

ಚುಕ್ಕೆಗೆ 120ರ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದೆ. ಬಿಳಿ ಅಂಚಿನಲ್ಲಿ ಮೂರ್ನಾಲ್ಕು ಚುಕ್ಕೆ ಆಳಕ್ಕೆ ಇಳಿದಿವೆ, ಮಿಕ್ಕಿದ್ದೆಲ್ಲ ಹೋಯಿತು. ಅಂಟು ಎಣ್ಣೆಗೆ ಪೇಪರ್ ಕಚ್ಚಿಕೊಂಡು ಆರು ಹಾಳೆ ಖರ್ಚು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮೈಯೆಲ್ಲ ಗಡ್ಡ ಬಂದ ಹಾಗೆ ನಾರು ಎದ್ದಿತ್ತು! ಗಾಬರಿಯಾಗಿ 220ರಲ್ಲಿ ಮತ್ತೆ ತಿಕ್ಕಿದೆ, ಬೆಣ್ಣೆ ಆಯ್ತು.

ಆ ಅರ್ಧ ಬಳೆ ಗೆರೆ ಮಾತ್ರ ಪೇಪರಿಗೆ ಜಗ್ಗಲಿಲ್ಲ.

ಲಿಕ್ವಿಡ್ ಪ್ಯಾರಾಫಿನ್ ಕೇಳಲು ಹೋದರೆ ಅಂಗಡಿಯ ಹುಡುಗ ದನಿ ತಗ್ಗಿಸಿ “ಎಷ್ಟು ದಿನದಿಂದ ಮೇಡಂ?” ಅಂದ. “ಏಳು ತಿಂಗಳು” ಅಂದೆ, ಮಣೆ ನೆನಪಲ್ಲಿ. ಅವನ ಮುಖ ನೋಡಬೇಕಿತ್ತು.

---

ಜೋಳದ ರೊಟ್ಟಿ · ಜುಲೈ 19, ರಾತ್ರಿ 9:41

ಏಳು ತಿಂಗಳಾ! 😂 ನಕ್ಕು ನಕ್ಕು ಸಾಕಾತ್ರಿ. ಮನ್ಯಾಗ ಎಲ್ಲಾರಿಗೂ ಓದಿ ಹೇಳಿದೆ.

---

ಉಳಿ ಸುತ್ತಿಗೆ · ಜುಲೈ 19, ರಾತ್ರಿ 10:00

ಗಡ್ಡ ಏಳೋದು ಸಹಜ. ನಾವು ಕೊಡೋ ಮೊದಲೇ ಎರಡು ಸಲ ನೀರು ತೋರಿಸಿ ಗಡ್ಡ ಬೋಳಿಸಬೇಕು. ನಿಮಗೆ ಮಾರಿದವರು ಆ ಕೆಲಸ ಉಳಿಸಿದ್ದಾರೆ.

ಆ ಬಳೆ ಗೆರೆ ಇರೋ ಜಾಗದಲ್ಲಿ ಕಬ್ಬಿಣದ್ದು ಏನಾದ್ರೂ ಇಟ್ಟಿದ್ರಾ?

---

ತರಕಾರಿ ಬುಟ್ಟಿ · ಜುಲೈ 19, ರಾತ್ರಿ 10:08

ಒಗ್ಗರಣೆ ಸೌಟು! ಕಬ್ಬಿಣದ್ದು. ತೊಳೆದು ಅದರ ಮೇಲೇ ಬೋರಲು ಹಾಕುತ್ತಿದ್ದೆ.

---

ಲ್ಯಾಬ್ ಮೇಷ್ಟ್ರು · ಜುಲೈ 20, ಬೆಳಗ್ಗೆ 6:10

ಹಾಗಾದರೆ ಅದು ಬೂಷ್ಟಲ್ಲ, ಮಸಿ. ಅಳಲೆಕಾಯಿ ನೆನೆಸಿದ ನೀರಿಗೆ ತುಕ್ಕು ಕಬ್ಬಿಣ ಹಾಕಿ ಹಿಂದಿನವರು ಕಪ್ಪು ಮಸಿ ಮಾಡುತ್ತಿದ್ದರು. ಮರದ ಒಗರು, ಅಂದರೆ ಟ್ಯಾನಿನ್, ಒದ್ದೆ ಕಬ್ಬಿಣದ ಜೊತೆ ಸೇರಿ ಅದೇ ಮಸಿಯಾಗಿದೆ. ನಿಂಬೆರಸದಲ್ಲಿ ಹತ್ತಿ ಅದ್ದಿ ಗೆರೆಯ ಮೇಲೆ ಅರ್ಧ ಗಂಟೆ ಇಡಿ, ತೊಳೆಯಿರಿ, ಮರುದಿನ ಮತ್ತೆ. ತೆಳುವಾಗುತ್ತದೆ. ಉಳಿದದ್ದು ಉಳಿಯಲಿ, ಅಪಾಯವೇನೂ ಇಲ್ಲ.

---

ಘಟ್ಟದ ಕೆಳಗೆ · ಜುಲೈ 20, ಮಧ್ಯಾಹ್ನ 2:15

ಎಣ್ಣೆ ಕುಡಿಸಿದ ಮೇಲೆ ಜೇನುಮೇಣ ಹಚ್ಚಿದರೆ ನೀರು ಮೇಲೇ ಉರುಳುತ್ತದೆ, ಕೆಸುವಿನೆಲೆಯ ಮೇಲಿನ ಹಾಗೆ. ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಮೇಣ, ತೂಕದಲ್ಲಿ. ಮೇಣ 62-64 ಡಿಗ್ರಿಗೇ ಕರಗುತ್ತದೆ, ಒಲೆಯ ಮೇಲೆ ನೇರವಾಗಿ ಇಡಬೇಡಿ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ. ಆರಿದ ಮೇಲೆ ಬೆಣ್ಣೆಯ ಹದ. ಬೆರಳಲ್ಲಿ ತೆಗೆದು ತಿಕ್ಕಿ, ಒಂದು ರಾತ್ರಿ ಬಿಟ್ಟು ಒಣ ಬಟ್ಟೆಯಲ್ಲಿ ಒರೆಸಿ. ಪೂಜೆಯ ಮೇಣದಬತ್ತಿ ಕರಗಿಸಿ ಹಾಕಬೇಡಿ, ಬಣ್ಣ, ಸೆಂಟು ಇರುತ್ತದೆ.

ನನ್ನದು ತೆಂಗಿನೆಣ್ಣೆಯದ್ದೇ. ಮೇಷ್ಟ್ರು ಬೇಕಾದರೆ ಮೂಗು ಮುಚ್ಚಿಕೊಳ್ಳಲಿ.

---

ತರಕಾರಿ ಬುಟ್ಟಿ · ಆಗಸ್ಟ್ 3, ಬೆಳಗ್ಗೆ 7:45

ಪ್ಯಾರಾಫಿನ್ ಮೊದಲ ವಾರ ದಿನಾ ರಾತ್ರಿ ಹಚ್ಚಿದೆ, ತಲೆ ಕಡೆ ಎರಡು ಸಲ. ಶುರುವಿನಲ್ಲಿ ಬೆಳಗ್ಗೆ ನೋಡಿದರೆ ಪೂರ್ತಿ ಕುಡಿದು ಒಣಗಿರುತ್ತಿತ್ತು, ಐದನೇ ದಿನ ಮೇಲೇ ನಿಂತಿತು. ಆಮೇಲೆ ಮೇಣ. ಈಗ ಒಂದು ಹನಿ ನೀರು ಹಾಕಿದರೆ ಮುತ್ತಿನ ಹಾಗೆ ನಿಲ್ಲುತ್ತೆ. ಹನಿ ಹರಡಿ ಇಂಗಲು ಶುರುವಾದ ದಿನ ಮತ್ತೆ ಹಚ್ಚೋದು ಅಂತ ಲೆಕ್ಕ ಇಟ್ಕೊಂಡಿದ್ದೀನಿ.

ಎರಡೂ ಮುಖ ತೊಳೆದು ತಟ್ಟೆ ಸ್ಟ್ಯಾಂಡಿನಲ್ಲಿ ಅಂಚಿನ ಮೇಲೆ ನಿಲ್ಲಿಸ್ತೀನಿ. ಚುಕ್ಕೆ ಹೊಸದು ಬಂದಿಲ್ಲ. ಕಪ್ಪು ಬಳೆ ತಿಳಿ ಬೂದಿ ಆಗಿದೆ. ಮೇಷ್ಟ್ರಿಗೆ, ಉಳಿ ಅಣ್ಣನಿಗೆ, ಪುತ್ತೂರಿನ ಅಕ್ಕನಿಗೆ, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಒಂದು ಪ್ರಶ್ನೆ ಉಳೀತು, ಈ ಮೇಣ ಚಪಾತಿ ಮಣೆಗೂ ಹಚ್ಚಬಹುದಾ?

---

ಜೋಳದ ರೊಟ್ಟಿ · ಆಗಸ್ಟ್ 3, ಬೆಳಗ್ಗೆ 8:02

ಬ್ಯಾಡ್ರಿ. ಮೇಣ ಹಚ್ಚಿದ್ರ ಚಪಾತಿ ಜಾರತದ, ಲಟ್ಟಣಗಿ ಹಿಡಿತಾ ಸಿಗಂಗಿಲ್ಲ. ದಿನಾ ಎಣ್ಣಿ ಹಿಟ್ಟು ಉಣ್ಣೋ ಮಣಿ ಅದು. ಒಣಾ ಅರಿವಿಲೆ ಒರಸ್ರಿ ಸಾಕು.

---

ತರಕಾರಿ ಬುಟ್ಟಿ · ಆಗಸ್ಟ್ 3, ಬೆಳಗ್ಗೆ 8:20

ಸರಿ ರೀ. ಇನ್ನೊಂದು ಇದೆ. ನಾನು ಸಾಗರದಿಂದ ಹಲಸಿನ ಮಣೆ ತರಿಸಿದೆ ಅಂತ ಗೊತ್ತಾಗಿ, ಅತ್ತೆ ಈ ತೇಗದ್ದನ್ನ ತಮಗೆ ಇಟ್ಟುಕೊಂಡಿದ್ದಾರೆ. ಈರುಳ್ಳಿ ಬೆಳ್ಳುಳ್ಳಿ ಸೋಕದ ಮಣೆ ಒಂದು ಬೇಕಿತ್ತಂತೆ. ನಾನು ಹೇಳದೇ ಇದ್ದರೂ ನೆಟ್ಟಗೆ ನಿಲ್ಲಿಸಿ ಒಣಗಿಸ್ತಾರೆ. ಆದರೆ ನಿಲ್ಲಿಸೋದು ಗ್ಯಾಸ್ ಸ್ಟವ್‌ಗೆ ಅಂಟಿಕೊಂಡ ಹಾಗೆ, ಒಂದು ಕಡೆ ಕೈ ಇಟ್ಟರೆ ಬೆಚ್ಚಗಿರುತ್ತೆ. ಹೇಳೋದಾ ಬೇಡವಾ?

---

ಉಳಿ ಸುತ್ತಿಗೆ · ಆಗಸ್ಟ್ 3, ಬೆಳಗ್ಗೆ 9:05

ಒಂದು ಕಡೆ ಮಾತ್ರ ಒಣಗಿದ್ರೆ ಆ ಕಡೆಗೆ ಬಾಗುತ್ತೆ ಅಕ್ಕ. ಅವರು ಪೂಜೆಗೆ ಕೂತಾಗ ಒಂದು ಅಡಿ ಈಚೆ ಸರಿಸಿ ಇಟ್ಟುಬಿಡಿ.